ಬೀಜದಿಂದ ಡೇಸಿ: ಸಂಕ್ರಾಂತಿಯಿಂದ ಯುಗಾದಿಯವರೆಗೆ ಅಂಗಳದ ಬಣ್ಣ

ಮಳೆಗಾಲವಿಡೀ ಅಂಗಳ ತುಂಬಿದ್ದ ಡೇರೆ ಗಿಡಗಳು ನವರಾತ್ರಿಯ ಹೊತ್ತಿಗೆ ಸೊರಗಿ ಒರಗುತ್ತವೆ. ಆಮೇಲೆ ಅಡಿಕೆ ಸುಲಿತ, ಕಾಫಿ ಕೊಯ್ಲು ಎಂದು ಮನೆಮಂದಿಗೆಲ್ಲ ಬಿಡುವಿಲ್ಲದ ಕಾಲ. ಕೆಲಸ ಒಂದು ಹದಕ್ಕೆ ಬಂದು ಕತ್ತೆತ್ತಿ ನೋಡುವಾಗ ಮಾಘ ಮಾಸ ಬಂದಿರುತ್ತದೆ, ಅಂಗಳ ಬರಿದಾಗಿರುತ್ತದೆ. ಆಗ ಪೇಟೆಯಿಂದ ಹೂಬಿಟ್ಟ ಗಿಡಗಳನ್ನು ದುಡ್ಡು ಕೊಟ್ಟು ತರುವುದು, ಅವು ಬಿಸಿಲಿಗೆ ಬೇರು ಹಿಡಿಯದೆ ಬಾಡುವುದು ಅನೇಕ ಮನೆಗಳಲ್ಲಿ ವರ್ಷ ವರ್ಷದ ಕಥೆ. ಈ ಖರ್ಚು ಬೇಕಿಲ್ಲ. ಒಂದು ಚಿಟಿಕೆ ಬೀಜ, ಒಂದು ಅಡಿಕೆ ಹಾಳೆ, ದಿನಕ್ಕೆ ಸ್ವಲ್ಪ ಹೊತ್ತಿನ ಆರೈಕೆ ಇದ್ದರೆ ಡೇಸಿ ಜಾತಿಯ ಹೂಗಳನ್ನು ಮನೆಯಲ್ಲೇ ಬೆಳೆಯಬಹುದು. ಅದರ ಕ್ರಮವನ್ನು ಇಲ್ಲಿ ವಿವರಿಸಿದ್ದೇವೆ.

ಡೇಸಿ ಎಂದರೆ ಯಾವುದು?

ನಡುವೆ ಹಳದಿ ಬಿಲ್ಲೆ, ಸುತ್ತ ಎಸಳುಗಳ ಸಾಲು ಇರುವ ಹೂವನ್ನು ಸಾಮಾನ್ಯವಾಗಿ ಡೇಸಿ ಎನ್ನುತ್ತೇವೆ. ನಾವು ಒಂದು ಹೂವೆಂದು ಕರೆಯುವುದು ನಿಜವಾಗಿ ಹೂಗಳ ಗೊಂಚಲು. ಸುತ್ತಲಿನ ಒಂದೊಂದು ಎಸಳೂ ಒಂದು ಹೂ. ನಡುವಿನ ಬಿಲ್ಲೆಯಲ್ಲಿ ನೂರಾರು ಪುಟ್ಟ ಹೂಗಳು. ಡೇರೆ, ಸೇವಂತಿಗೆ, ಚೆಂಡುಹೂ, ಸೂರ್ಯಕಾಂತಿ ಎಲ್ಲವೂ ಇದೇ ಕುಟುಂಬದವು. ತೋಟದಲ್ಲಿ ನಾವು ಕಿತ್ತು ಸಾಕಾಗುವ ಕಮ್ಯುನಿಸ್ಟ್ ಗಿಡ, ಪಾರ್ಥೇನಿಯಂ ಸಹ ಇದೇ ಬಳಗ! ಈ ಕುಟುಂಬದ ಗಿಡಗಳು ಬೀಜದಿಂದ ಎಷ್ಟು ಸುಲಭವಾಗಿ ಬರುತ್ತವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ಕಡೆಗೆ ಒಗ್ಗುವ ಜಾತಿಗಳು

ಚೀನಾ ಆಸ್ಟರ್: ಹೊಸಬರು ಇದರಿಂದಲೇ ಆರಂಭಿಸುವುದು ಲೇಸು. ಬಿತ್ತಿದ ಮೂರು, ಮೂರೂವರೆ ತಿಂಗಳಿಗೆ ಹೂ ಕೊಡುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಬಿಡುಗಡೆ ಮಾಡಿದ ಕಾಮಿನಿ, ಪೂರ್ಣಿಮಾ, ಶಶಾಂಕ, ವಯಲೆಟ್ ಕುಶನ್ ತಳಿಗಳು ಹೆಸರಾದವು.

ಆಫ್ರಿಕನ್ ಡೇಸಿ: ದಕ್ಷಿಣ ಆಫ್ರಿಕದ ಮೂಲದ, ಒಂದಡಿ ಎತ್ತರದ ಗಿಡ. ಕಿತ್ತಳೆ, ಬಿಳಿ ಬಣ್ಣಗಳು. ಬಿಸಿಲಿದ್ದರೆ ಮಾತ್ರ ಅರಳುತ್ತದೆ. ಸಂಜೆಗೆ, ಮೋಡವಿದ್ದಾಗ ಮುಚ್ಚಿಕೊಳ್ಳುತ್ತದೆ. ನೀರು ಕಡಿಮೆ ಸಾಕು.

ಶಾಸ್ತಾ ಡೇಸಿ: ಅಮೆರಿಕದ ಲೂಥರ್ ಬರ್ಬ್ಯಾಂಕ್ ಯುರೋಪಿನ ಮತ್ತು ಜಪಾನಿನ ಡೇಸಿಗಳನ್ನು ಹಲವು ವರ್ಷ ಸಂಕರಿಸಿ 1901ರಲ್ಲಿ ಲೋಕಕ್ಕೆ ಕೊಟ್ಟ ಹೂ. ಕ್ಯಾಲಿಫೋರ್ನಿಯಾದ ಹಿಮ ಹೊದ್ದ ಶಾಸ್ತಾ ಪರ್ವತದ ಹೆಸರನ್ನೇ ಈ ಅಚ್ಚ ಬಿಳಿ ಹೂವಿಗೆ ಇಟ್ಟರು. ಇದು ಬಹುವಾರ್ಷಿಕ. ಮಡಿಕೇರಿ, ಬಾಬಾಬುಡನ್‌ಗಿರಿಯಂಥ ತಂಪು ಎತ್ತರಗಳಿಗೆ ಹೊಂದುತ್ತದೆ. ತಗ್ಗಿನ ಅಡಿಕೆ ಸೀಮೆಯ ಸೆಕೆ ಇದಕ್ಕಾಗದು. ಬೀಜದ ಗಿಡ ಮೊದಲ ವರ್ಷ ಹೂ ಕಡಿಮೆ ಕೊಟ್ಟರೆ ಬೇಸರಿಸಬೇಡಿ. ಎರಡನೆಯ ವರ್ಷ ಬುಡ ತುಂಬಿಕೊಂಡು ಚೆನ್ನಾಗಿ ಬಿಡುತ್ತದೆ.

ಬಿತ್ತನೆ

ಜಡಿಮಳೆಯಲ್ಲಿ ಬಿತ್ತಿದ ಬೀಜ ಕೊಳೆಯುತ್ತದೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ತಕ್ಕ ಕಾಲ. ಆಗ ಬಿತ್ತಿದರೆ ಸಂಕ್ರಾಂತಿಯ ಸುಮಾರಿಗೆ ಆಸ್ಟರ್ ಮೊಗ್ಗು ಒಡೆಯುತ್ತದೆ. ಹದಿನೈದು ದಿನಗಳ ಅಂತರದಲ್ಲಿ ಎರಡು ಮೂರು ಸಲ ಬಿತ್ತಿದರೆ ಯುಗಾದಿಯವರೆಗೂ ಹೂ ಸಿಗುತ್ತದೆ.

ಟ್ರೇ ಕೊಳ್ಳಬೇಕಾಗಿಲ್ಲ. ಅಗಲವಾದ ಅಡಿಕೆ ಹಾಳೆಯ ಅಂಚು ಮಡಿಸಿ ತೊಟ್ಟಿಯಂತೆ ಕಟ್ಟಿ, ತಳದಲ್ಲಿ ಏಳೆಂಟು ತೂತು ಮಾಡಿ. ಕಾಡುಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮಭಾಗ ಸೇರಿಸಿ ಜರಡಿ ಹಿಡಿದು ತುಂಬಿ. ಬೀಜ ಸಣ್ಣದು, ನಾಲ್ಕು ಪಾಲು ಒಣ ಮರಳಿನೊಂದಿಗೆ ಬೆರೆಸಿ ಉದುರಿಸಿದರೆ ಒತ್ತಾಗುವುದಿಲ್ಲ. ಆಸ್ಟರ್ ಬೀಜದ ಮೇಲೆ ತೆಳುವಾಗಿ ಮಣ್ಣು ಹುಡಿಯಿರಿ. ಶಾಸ್ತಾ ಬೀಜಕ್ಕೆ ಬೆಳಕು ಬೇಕು. ಅದನ್ನು ಮಣ್ಣಿಗೆ ಒತ್ತಿ ಬಿಟ್ಟರೆ ಸಾಕು. ಇರುವೆಗಳು ಬೀಜ ಸಾಗಿಸದಂತೆ ಹಾಳೆಯನ್ನು ಕಲ್ಲುಗಳ ಮೇಲಿಟ್ಟು ಸುತ್ತ ಬೂದಿ ಹಾಕಿ. ಆಸ್ಟರ್ ಒಂದರಿಂದ ಎರಡು ವಾರದಲ್ಲಿ, ಶಾಸ್ತಾ ಎರಡರಿಂದ ಮೂರು ವಾರದಲ್ಲಿ ಮೊಳೆಯುತ್ತವೆ.

ಕೊಳೆಯ ಕಾಟ

ಎಳೆಸಸಿಗಳು ಬುಡ ಕಪ್ಪಾಗಿ ಒಂದೇ ರಾತ್ರಿಯಲ್ಲಿ ಅಡ್ಡ ಬಿದ್ದರೆ ಅದು ಸಸಿ ಕೊಳೆ. ಇದನ್ನು ತರುವ ಪಿಥಿಯಂ, ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರಾದ ಹತ್ತಿರದ ಬಂಧು. ಆದ್ದರಿಂದ ಮದ್ದೂ ನಮ್ಮ ಬೆಳೆಗಾರರಿಗೆ ಗೊತ್ತಿದ್ದದ್ದೇ. ಬಿತ್ತುವ ಕೆಲವು ದಿನ ಮೊದಲು ಶೇಕಡ 1ರ ಬೋರ್ಡೊ ದ್ರಾವಣದಿಂದ, ಅಂದರೆ ಲೀಟರಿಗೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣ ಬೆರೆಸಿ, ಮಣ್ಣನ್ನು ನೆನೆಸಿ. ಮೊಳೆತ ಮೇಲೆ ನೀರನ್ನು ಬೆಳಗ್ಗೆ ಮಾತ್ರ, ಹಿತವಾಗಿ ಕೊಡಿ. ಮದ್ದಿಗಿಂತ ಮಿಗಿಲಾದದ್ದು ಗಾಳಿ, ಬೆಳಕು ಮತ್ತು ಮಿತವಾದ ನೀರು.

ನಾಟಿ ಮತ್ತು ನೀರು

ಸಸಿ ನಾಲ್ಕೈದು ಎಲೆ ಬಿಟ್ಟಾಗ, ಸುಮಾರು ಒಂದು ತಿಂಗಳಿಗೆ, ಸಂಜೆ ಹೊತ್ತು ನಾಟಿ ಮಾಡಿ. ಗಿಡದಿಂದ ಗಿಡಕ್ಕೆ ಒಂದಡಿ ಇರಲಿ. ಅರ್ಧ ದಿನವಾದರೂ ಬಿಸಿಲು ಬೀಳುವ ಜಾಗ ಬೇಕು; ಸಿಲ್ವರ್ ಮರದ ನೆರಳಿನಲ್ಲಿ ಗಿಡ ನೀಳವಾಗಿ ಬೆಳೆದು ಹೂ ಕಡಿಮೆಯಾಗುತ್ತದೆ. ಪಾತಿಯ ಅಂಚಿಗೆ ಅಡಿಕೆ ದಬ್ಬೆ ಕೊಟ್ಟರೆ ಮಣ್ಣು ಜಾರದು.

ಹೂ ಬಿಡುವ ಕಾಲವೇ ನೀರಿಗೆ ತತ್ವಾರದ ಕಾಲ. ಕಾಫಿಗೆ ಹಾಯಿಸಬೇಕಾದ ನೀರನ್ನು ಹೂಗಿಡಕ್ಕೆ ಹಾಕಿರೆಂದು ನಾವು ಹೇಳುವುದಿಲ್ಲ. ಪಾತಿಗೆ ಎರಡಂಗುಲ ದಪ್ಪ ತರಗೆಲೆ ಹೊದಿಸಿ, ತರಕಾರಿ, ಅಕ್ಕಿ ತೊಳೆದ ನೀರನ್ನು ಬುಡಕ್ಕೆ ಹಾಕಿದರೆ ಸಣ್ಣ ಪಾತಿಗೆ ಬಹುಮಟ್ಟಿಗೆ ಸಾಕಾಗುತ್ತದೆ. ಬಾಡಿದ ಹೂಗಳನ್ನು ಚಿವುಟುತ್ತಿದ್ದರೆ ಹೂವಿನ ಕಾಲ ಮುಂದುವರಿಯುತ್ತದೆ.

ಜೇನಿಗೂ ಊಟ

ಹೂವಿನ ಪಾತಿ ಬರಿಯ ಶೋಕಿ ಎನ್ನುವವರಿಗೆ ಒಂದು ಮಾತು. ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಗಾಳಿ ಮತ್ತು ಜೇನು ಬೇರೆ ಗಿಡದ ಪರಾಗ ತಂದುಕೊಡಬೇಕು. ಹೆಜ್ಜೇನು, ತುಡುವೆ, ಮಿಸರಿ ಮೂರೂ ಈ ಕೆಲಸ ಮಾಡುತ್ತವೆ. ಕಾಫಿ ಹೂವಾದರೋ ಕೆಲವೇ ದಿನಗಳ ಸಂಭ್ರಮ. ಅದರ ಹಿಂದು ಮುಂದಿನ ದಿನಗಳಲ್ಲೂ ಜೇನಿಗೆ ಆಹಾರ ಬೇಡವೇ? 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳ ಬಹುಭಾಗವನ್ನು ಅಳಿಸಿದ್ದನ್ನು ಜೇನು ಸಾಕಿದ ಹಿರಿಯರು ಮರೆತಿಲ್ಲ. ಅಂಗಳದ ಒಂದು ಪಾತಿಯಿಂದ ತೋಟದ ಫಸಲು ಹೆಚ್ಚೀತೆಂದು ನಾವು ಆಸೆ ಹುಟ್ಟಿಸುವುದಿಲ್ಲ. ಕಾಡುಮರಗಳ ಹೂವಿಗೆ ಇದು ಬದಲಿಯೂ ಅಲ್ಲ. ಆದರೆ ಮನೆಮನೆಯಲ್ಲೂ ಒಂದು ಪಾತಿಯಿದ್ದರೆ ಅಷ್ಟು ಮಟ್ಟಿಗೆ ಜೇನಿಗೆ ಆಸರೆ. ಅದಕ್ಕಾಗಿ ನಡುಬಿಲ್ಲೆ ಕಾಣುವ ಒಂಟಿಸುತ್ತಿನ ಹೂಗಳನ್ನೂ ಬೆಳೆಯಿರಿ. ಒತ್ತೆಸಳಿನ ಹೂಗಳಲ್ಲಿ ಜೇನಿಗೆ ಸಿಗುವುದು ಕಡಿಮೆ. ಹೂವಿರುವಾಗ ಕೀಟನಾಶಕ ಸಿಂಪಡಿಸಬೇಡಿ.

ಮುಂದಿನ ವರ್ಷಕ್ಕೆ ಬೀಜ

ಒಳ್ಳೆಯ ಗಿಡದ ನಾಲ್ಕು ಹೂಗಳನ್ನು ಕೊಯ್ಯದೆ ಬಿಟ್ಟು, ಪೂರ್ತಿ ಒಣಗಿದ ಮೇಲೆ ಬೀಜ ಉದುರಿಸಿ ನೆರಳಲ್ಲಿ ಆರಿಸಿ. ಮಲೆನಾಡಿನ ತೇವವೇ ಬೀಜದ ಶತ್ರು. ಬಿಗಿಮುಚ್ಚಳದ ಸೀಸೆಯಲ್ಲಿ ಒಂದು ಚೂರು ಇದ್ದಿಲು, ಹುರಿದ ಅಕ್ಕಿ ಹಾಕಿ, ಬೀಜವನ್ನು ಕಾಗದದ ಪೊಟ್ಟಣದಲ್ಲಿಟ್ಟು ಮುಚ್ಚಿ. ಆಸ್ಟರ್ ಬೀಜದ ಮೊಳೆಯುವ ಶಕ್ತಿ ಬೇಗ ಕುಂದುತ್ತದೆ. ಆಯಾ ವರ್ಷವೇ ಬಿತ್ತಿಬಿಡಬೇಕು. ಹೈಬ್ರಿಡ್ ಬೀಜದ ಗಿಡಗಳಿಂದ ಮಾತ್ರ ಬೀಜ ಇಡಬೇಡಿ, ಅದೇ ಹೂ ಬರುವ ಭರವಸೆಯಿಲ್ಲ.

ಉಳಿದ ಬೀಜವನ್ನು ನೆರೆಮನೆಗೆ ಕೊಡಿ, ಅವರಲ್ಲಿರುವ ಬೇರೆ ಬಣ್ಣದ್ದನ್ನು ಕೇಳಿ ಪಡೆಯಿರಿ. ನಿಮ್ಮ ಗಿಡ ಒಂದು ವರ್ಷ ಕೈಕೊಟ್ಟರೂ ಬೀಜ ಊರಲ್ಲೇ ಉಳಿದಿರುತ್ತದೆ.