ವೇಗೋತ್ಕರ್ಷದ ಪಾಠ: ಎರಡು ಸಲ ಬರುವ ಸೆಕೆಂಡು

ವೇಗೋತ್ಕರ್ಷದ ಸೂತ್ರವನ್ನು ನಮ್ಮ ವಿದ್ಯಾರ್ಥಿಗಳು ಕಂಠಪಾಠ ಮಾಡಿ ಸರಿಯಾದ ಉತ್ತರವನ್ನೇ ತರುತ್ತಾರೆ. ಆದರೆ ಉತ್ತರದ ಮಾನದಲ್ಲಿ ‘ಸೆಕೆಂಡು’ ಎರಡು ಸಲ ಏಕೆ ಬಂದಿತೆಂದು ಕೇಳಿದರೆ ಮೌನ ತಾಳುತ್ತಾರೆ. ಅರ್ಥವಾಗದ ಸೂತ್ರವು ಪರೀಕ್ಷೆಯೊಡನೆ ಮರೆತುಹೋಗುವುದು ಸಹಜ.

ಮೊದಲು ಪದದ ವಿಚಾರ. ನಾವು ವೇಗೋತ್ಕರ್ಷವೆನ್ನುವುದನ್ನು ನೆರೆಯ ಮಲಯಾಳ, ತೆಲುಗು, ಮರಾಠಿಗಳಲ್ಲಿ ‘ತ್ವರಣ’ ಎಂಬ ಪದದಿಂದ ಕರೆಯುತ್ತಾರೆ, ತಮಿಳರದು ‘ಮುಡುಕ್ಕಂ’. ಗಡಿನಾಡಿನ ಮಕ್ಕಳ ಕಿವಿಗೆ ಇಂಥ ಎರಡು ಪದಗಳು ಬೀಳುವುದರಿಂದ, ಅವು ಒಂದೇ ವಿಷಯವನ್ನು ಸೂಚಿಸುತ್ತವೆಂದು ಆರಂಭದಲ್ಲಿಯೇ ಹೇಳಿಬಿಡುವುದು ಲೇಸು. ತ್ವರಣವೆಂದೊಡನೆ ತ್ವರೆ ನೆನಪಾಗುತ್ತದೆ. ಆದರೆ ತ್ವರೆಯಾಗಿ ಓಡುವುದೆಲ್ಲ ವೇಗೋತ್ಕರ್ಷವಲ್ಲ. ನೇರ ಹಳಿಯ ಮೇಲೆ ಒಂದೇ ವೇಗದಿಂದ ಓಡುವ ರೈಲಿನ ವೇಗೋತ್ಕರ್ಷ ಸೊನ್ನೆ. ಅಳೆಯಬೇಕಾದದ್ದು ವೇಗವನ್ನಲ್ಲ, ವೇಗದ ಬದಲಾವಣೆಯನ್ನು.

ಕಾಸರಗೋಡು ನಿಲ್ದಾಣದಿಂದ ಹೊರಟ ರೈಲು 50 ಸೆಕೆಂಡುಗಳಲ್ಲಿ ಗಂಟೆಗೆ 54 ಕಿಲೋಮೀಟರ್ ವೇಗ ಪಡೆಯಿತೆಂದು ಭಾವಿಸೋಣ. 54ನ್ನು 1000ದಿಂದ ಗುಣಿಸಿ 3600ರಿಂದ ಭಾಗಿಸಿದರೆ ಸೆಕೆಂಡಿಗೆ 15 ಮೀಟರ್ ಆಗುತ್ತದೆ. ಕೊನೆಯ ವೇಗ 15, ಮೊದಲಿನ ವೇಗ ಸೊನ್ನೆ. ವ್ಯತ್ಯಾಸವಾದ 15ನ್ನು 50ರಿಂದ ಭಾಗಿಸಿದರೆ 0.3. ಅಂದರೆ ಏರಿಕೆ ಸಮನಾಗಿದ್ದರೆ ರೈಲಿನ ವೇಗವು ಒಂದು ಸೆಕೆಂಡಿನ ಕೊನೆಗೆ 0.3, ಎರಡರ ಕೊನೆಗೆ 0.6, ಮೂರರ ಕೊನೆಗೆ 0.9 ಮೀಟರ್ ಪ್ರತಿ ಸೆಕೆಂಡ್. ಮೊದಲನೆಯ ‘ಪ್ರತಿ ಸೆಕೆಂಡ್’ ವೇಗಕ್ಕೆ ಸೇರಿದ್ದು. ಎರಡನೆಯದು ಆ ವೇಗ ಏರುವ ಕ್ರಮಕ್ಕೆ ಸೇರಿದ್ದು. ಏರಿಕೆ ಸಮನಾಗಿಲ್ಲದಿದ್ದರೆ 0.3 ಎಂಬುದು ಸರಾಸರಿ ಮಾತ್ರ.

ಅದೇ ರೈಲು ಬ್ರೇಕು ಹಾಕಿ 20 ಸೆಕೆಂಡುಗಳಲ್ಲಿ 15ರಿಂದ 5 ಮೀಟರ್ ವೇಗಕ್ಕೆ ಇಳಿದರೆ? 5ರಲ್ಲಿ 15 ಕಳೆದರೆ ಋಣ 10. 20ರಿಂದ ಭಾಗಿಸಿದರೆ ಋಣ 0.5. ಉತ್ಕರ್ಷವೆಂದರೆ ಏರಿಕೆ, ಋಣಚಿಹ್ನೆ ಬಂದಾಗ ಅದು ಇಳಿಕೆಯೆಂದು ಪದವೇ ತಿಳಿಸಿಕೊಡುತ್ತದೆ. ಕೊನೆಯ ವೇಗದಿಂದ ಮೊದಲಿನದನ್ನು ಕಳೆಯುವ ಕ್ರಮವನ್ನು ತಿರುವುಮುರುವು ಮಾಡಿದರೆ ಈ ಅರ್ಥ ಕೆಡುತ್ತದೆ.

ಬೀಳುವ ವಸ್ತುವಿನ ವೇಗವನ್ನು ನೇರವಾಗಿ ಅಳೆಯುವುದು ಕಷ್ಟವಾದ್ದರಿಂದ ಗೆಲಿಲಿಯೋ ಇಳಿಜಾರಿನಲ್ಲಿ ಗುಂಡು ಉರುಳಿಸಿ, ಪಾತ್ರೆಯಿಂದ ಸುರಿದ ನೀರಿನ ತೂಕದಿಂದ ಕಾಲವನ್ನು ಅಳೆದನು. 1638ರ ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿದನು. ಒಂದು ಹಲಗೆ, ಒಂದು ಗೋಲಿ, ಒಂದು ಗಡಿಯಾರ ಇದ್ದರೆ ನಮ್ಮ ಶಾಲೆಗಳಲ್ಲಿಯೂ ಈ ಪ್ರಯೋಗದ ಸ್ಥೂಲರೂಪವನ್ನು ತೋರಿಸಬಹುದು.

ಆದುದರಿಂದ ಉಪಾಧ್ಯಾಯ ಬಂಧುಗಳು ಸೂತ್ರಕ್ಕೆ ಮೊದಲು 0.3, 0.6, 0.9 ಎಂಬಂಥ ಪಟ್ಟಿಯೊಂದನ್ನು ಮಕ್ಕಳಿಂದಲೇ ಬರೆಯಿಸಬೇಕು. ಪಟ್ಟಿಯಿಂದ ಸೂತ್ರ ತಾನಾಗಿ ಹೊರಡುತ್ತದೆ. ಸೂತ್ರದಿಂದ ಅರ್ಥ ಹಾಗೆ ಹೊರಡುವುದಿಲ್ಲ.