ಅರೆಸಾವಯವ ಹರಳುಗಳು: ಬೆಳೆಸುವ ಕ್ರಮ ಮತ್ತು ಗುಣಪರೀಕ್ಷೆ

ಅರೆಸಾವಯವ ಹರಳು ಎಂದರೇನು?

ಸಾವಯವ ಅಣುವೊಂದು ನಿರವಯವ ಲವಣ ಅಥವಾ ಲೋಹದ ಅಯಾನಿನೊಡನೆ ಬಂಧಗೊಂಡು ಉಂಟಾಗುವ ಹರಳನ್ನು ಅರೆಸಾವಯವ ಹರಳು ಎಂದು ಕರೆಯಲಾಗುತ್ತದೆ. ಇವುಗಳಲ್ಲಿ ಕೆಲವು ಲೇಸರ್ ಬೆಳಕಿನ ಆವರ್ತನವನ್ನು ಇಮ್ಮಡಿಗೊಳಿಸುತ್ತವೆ. 1064 ನ್ಯಾನೋಮೀಟರ್ ತರಂಗಾಂತರದ ಅಗೋಚರ ಅವಗೆಂಪು ಕಿರಣದ ಒಂದು ಭಾಗವು 532 ನ್ಯಾನೋಮೀಟರಿನ ಹಸಿರು ಬೆಳಕಾಗಿ ಹೊರಬರುತ್ತದೆ. ಇದು ಅರೇಖೀಯ ದ್ಯುತಿಗುಣಗಳಲ್ಲೊಂದು. ಈ ಪರಿಣಾಮವನ್ನು 1961ರಲ್ಲಿ ಮೊದಲಿಗೆ ಕ್ವಾರ್ಟ್ಸ್ ಹರಳಿನಲ್ಲಿ ಕಾಣಲಾಯಿತು. ರಚನೆಯಲ್ಲಿ ಸಮಮಿತಿ ಕೇಂದ್ರವಿಲ್ಲದ ಹರಳುಗಳು ಮಾತ್ರ ಇದಕ್ಕೆ ಯೋಗ್ಯವಾಗಿರುತ್ತವೆ.

ಬೆಳೆಸುವ ಕ್ರಮ

ಸತುವಿನ ಟ್ರಿಸ್ ಥಯೋಯೂರಿಯಾ ಸಲ್ಫೇಟ್ ಈ ವರ್ಗದ ಸುಪರಿಚಿತ ಹರಳು. ಇದನ್ನು ಪಡೆಯುವ ಹಂತಗಳು ಹೀಗಿವೆ:

1. ಒಂದು ಮೋಲ್ ಸತುವಿನ ಸಲ್ಫೇಟ್‌ಗೆ ಮೂರು ಮೋಲ್ ಥಯೋಯೂರಿಯಾ ಪ್ರಮಾಣದಲ್ಲಿ ಎರಡನ್ನೂ ಶುದ್ಧ ನೀರಿನಲ್ಲಿ ಕರಗಿಸುವುದು.
2. ದೊರೆತ ಲವಣವನ್ನು ಮತ್ತೆ ಕರಗಿಸಿ, ಹರಳುಗಟ್ಟಿಸಿ ಶುದ್ಧೀಕರಿಸುವುದು.
3. ಪರ್ಯಾಪ್ತ ದ್ರಾವಣವನ್ನು ಸೋಸಿ, ಸಣ್ಣ ರಂಧ್ರಗಳುಳ್ಳ ಹಾಳೆಯಿಂದ ಮುಚ್ಚಿ, ಸ್ಥಿರ ಉಷ್ಣತೆಯಲ್ಲಿ ನಿಧಾನವಾಗಿ ಆವಿಯಾಗಲು ಬಿಡುವುದು.
4. ದೋಷರಹಿತ ಚಿಕ್ಕ ಹರಳನ್ನು ಬೀಜವಾಗಿ ಆರಿಸಿ, ದ್ರಾವಣದಲ್ಲಿ ನೂಲಿನಿಂದ ತೂಗುಹಾಕಿ ಬೆಳೆಸುವುದು.

ಥಯೋಯೂರಿಯಾ ಆರೋಗ್ಯಕ್ಕೆ ಹಾನಿಕರವಾದುದರಿಂದ ಕೈಗವಸು ಧರಿಸತಕ್ಕದ್ದು.

ಗುಣಪರೀಕ್ಷೆ

ಹರಳಿನ ರಚನೆಯನ್ನು ಏಕಹರಳು ಕ್ಷ-ಕಿರಣ ವಿವರ್ತನೆಯಿಂದಲೂ, ಪಾರದರ್ಶಕತೆಯನ್ನು ರೋಹಿತ ಮಾಪನದಿಂದಲೂ ತಿಳಿಯಲಾಗುತ್ತದೆ. ಶಾಖ ಸಹಿಷ್ಣುತೆ ಮತ್ತು ಗಡಸುತನವನ್ನೂ ಅಳೆಯಲಾಗುತ್ತದೆ. ಆವರ್ತನ ಇಮ್ಮಡಿಗೊಳಿಸುವ ಗುಣಕ್ಕೆ ಕುರ್ಟ್ಜ್ ಮತ್ತು ಪೆರಿ 1968ರಲ್ಲಿ ಪ್ರಕಟಿಸಿದ ಪುಡಿ ವಿಧಾನವು ಬಳಕೆಯಲ್ಲಿದೆ.

ಅರ್ಜಿದಾರರು ಗಮನಿಸಬೇಕಾದ ಅಂಶ

ಹಸಿರು ಬೆಳಕು ಕಂಡ ಮಾತ್ರಕ್ಕೆ ಹೊಸ ಹರಳು ದೊರೆತಂತಾಗುವುದಿಲ್ಲ. ಉದಾಹರಣೆಗೆ, ಗ್ಲೈಸೀನ್ ಎಂಬ ಅಮೈನೋ ಆಮ್ಲವು ನೀರಿನಿಂದ ಸಾಮಾನ್ಯವಾಗಿ ಆಲ್ಫಾ ರೂಪದಲ್ಲಿ ಹರಳುಗಟ್ಟುತ್ತದೆ; ಈ ರೂಪಕ್ಕೆ ಸಮಮಿತಿ ಕೇಂದ್ರವಿದೆ. ದ್ರಾವಣಕ್ಕೆ ಅಡಿಗೆ ಉಪ್ಪು ಸೇರಿಸಿದಾಗ ಗಾಮಾ ರೂಪವು ಬರಬಹುದು. ಅದರಲ್ಲಿ ಉಪ್ಪಿನ ಅಂಶ ಬಂಧಗೊಂಡಿರದಿದ್ದರೂ ಅದು ತಾನೇ ಹಸಿರು ಬೆಳಕನ್ನು ಕೊಡುತ್ತದೆ. ಇಂತಹ ಹರಳುಗಳನ್ನು ಹೊಸ ಅರೆಸಾವಯವ ಸಂಯುಕ್ತಗಳೆಂದು ಪ್ರಕಟಿಸಿ, ಅನಂತರ ಅವು ಗಾಮಾ ಗ್ಲೈಸೀನ್ ಎಂದು ಇತರ ವಿಜ್ಞಾನಿಗಳು ತೋರಿಸಿಕೊಟ್ಟ ನಿದರ್ಶನಗಳಿವೆ.

ಗಾಮಾ ಗ್ಲೈಸೀನಿನ ಏಕಕೋಶದ ಅಳತೆಗಳು ಸುಮಾರು 7.0, 7.0 ಮತ್ತು 5.5 ಆಂಗ್‌ಸ್ಟ್ರಾಮ್. ಗ್ಲೈಸೀನ್ ಬಳಸಿ ಬೆಳೆಸಿದ ಹರಳಿನಲ್ಲಿ ಇವೇ ಅಳತೆಗಳು ಕಂಡುಬಂದಲ್ಲಿ ಅದನ್ನು ಹೊಸ ಸಂಯುಕ್ತವೆಂದು ಭಾವಿಸಲಾಗದು. ಆದುದರಿಂದ ಸಂಶೋಧನಾ ಅನುದಾನ ಅಥವಾ ಪೇಟೆಂಟ್ ಕೋರಿ ಅರ್ಜಿ ಸಲ್ಲಿಸುವವರು ಪೂರ್ಣ ರಚನಾ ನಿರ್ಣಯ ಮತ್ತು ಧಾತು ವಿಶ್ಲೇಷಣೆಗಳನ್ನು ಮೊದಲೇ ಮಾಡಿಸಿಕೊಳ್ಳುವುದು ಸೂಕ್ತ. ಇದರಿಂದ ಅವರ ಶ್ರಮವೂ ಸಾರ್ವಜನಿಕ ಹಣವೂ ವ್ಯರ್ಥವಾಗುವುದು ತಪ್ಪುತ್ತದೆ.