ಚರ್ಮಕ್ಕೆ ಮನೆಯ ಬಣ್ಣ: ಯಾವುದು ಹಿಡಿಯುತ್ತದೆ, ಯಾವುದು ಹಾರುತ್ತದೆ?

ಚಪ್ಪಲಿ ಮಾಸಿದೆ, ಬೆಲ್ಟು ಬಿಳಿಚಿಕೊಂಡಿದೆ. ಲೆದರ್ ಡೈ ಹತ್ತಿರದ ಅಂಗಡಿಯಲ್ಲಿ ಸಿಗುವುದಿಲ್ಲ. ಆಗ ಕಣ್ಣು ಹೋಗುವುದು ಅಡುಗೆಮನೆಯ ಡಬ್ಬಿಗಳ ಕಡೆಗೇ. ಅಲ್ಲಿ ಕೆಲಸಕ್ಕೆ ಬರುವ ಸಾಮಾನೂ ಇದೆ, ಚರ್ಮವನ್ನು ಕೆಡಿಸುವುದೂ ಇದೆ.

ತಪ್ಪು ಕಲ್ಪನೆ: ಬಣ್ಣ ಒಳ್ಳೆಯದಾದರೆ ಯಾವ ಚರ್ಮಕ್ಕಾದರೂ ಹಿಡಿಯುತ್ತದೆ.

ಸತ್ಯ: ಬಣ್ಣದ ಮಾತು ಆಮೇಲೆ, ಚರ್ಮವನ್ನು ಹದ ಮಾಡಿದ್ದು ಹೇಗೆ ಎಂಬುದು ಮೊದಲು. ತಂಗಡಿ ತೊಗಟೆ, ಅಳಲೆಕಾಯಿಯ ಒಗರಿನಲ್ಲಿ ಹದಗೊಂಡ ತೊಗಲು ಮನೆಬಣ್ಣವನ್ನು ಹೀರಿಕೊಳ್ಳುತ್ತದೆ. ಅಥಣಿ, ನಿಪ್ಪಾಣಿ ಕಡೆ ಸಾಂಪ್ರದಾಯಿಕವಾಗಿ ಮಾಡುವ ಕೊಲ್ಹಾಪುರಿ ಚಪ್ಪಲಿಯ ತೊಗಲು ಈ ಬಗೆಯದು. ಕ್ರೋಮಿಯಂ ಲವಣದಲ್ಲಿ ಹದ ಮಾಡಿ, ಮೇಲೆ ಹೊಳಪಿನ ಲೇಪ ಕೊಟ್ಟ ಶೂ, ಪರ್ಸುಗಳ ಕಥೆಯೇ ಬೇರೆ. ಒಂದು ಹನಿ ನೀರು ಬಿಟ್ಟು ನೋಡಿ. ನೀರು ಇಂಗಿ ಕಲೆಯಾದರೆ ಬಣ್ಣವೂ ಇಳಿಯುತ್ತದೆ; ಮಣಿಯಂತೆ ಉರುಳಿದರೆ ಲೇಪವಿದೆ, ಇಲ್ಲವೇ ಅದು ಬರೀ ರೆಕ್ಸಿನ್.

ತಪ್ಪು ಕಲ್ಪನೆ: ಮೊಳೆ ನೆನೆಸಿದ ವಿನೆಗರ್ ಎಂದರೆ ಕಪ್ಪು ಬಣ್ಣದ ನೀರು.

ಸತ್ಯ: ಆ ನೀರಿನಲ್ಲಿ ಕಪ್ಪು ಇರುವುದಿಲ್ಲ, ಕಪ್ಪು ಹುಟ್ಟುವುದು ಚರ್ಮದೊಳಗೆ. ವಿನೆಗರಿನಲ್ಲಿ ಕರಗಿದ ಕಬ್ಬಿಣ, ತೊಗಲಿನಲ್ಲಿರುವ ಟ್ಯಾನಿನ್ ಎಂಬ ಒಗರಿನ ಜೊತೆ ಸೇರಿ ಕಪ್ಪಾಗುತ್ತದೆ. ಅಳಲೆಕಾಯಿ ರಸದಲ್ಲಿ ಅದ್ದಿದ ಬಟ್ಟೆಯ ಮೇಲೆ ಬೆಲ್ಲ ಮತ್ತು ಕಬ್ಬಿಣದ ಹುಳಿನೀರಿನಿಂದ ಗೆರೆ ಎಳೆಯುವ ಕಲಂಕಾರಿಯವರ ಕಪ್ಪೂ ಇದೇ ರಸಾಯನ. ಎಣ್ಣೆಪಸೆ ತೊಳೆದ ಮೊಳೆ ಅಥವಾ ಸ್ಟೀಲ್ ವುಲ್ ಅನ್ನು ಗಾಜಿನ ಜಾಡಿಯಲ್ಲಿ ಬಿಳಿ ವಿನೆಗರ್ ಸುರಿದು ಒಂದು ವಾರ ಬಿಡಿ. ಮುಚ್ಚಳ ಬಿಗಿಯಬೇಡಿ, ಹೈಡ್ರೋಜನ್ ಅನಿಲ ಹೊರಡುತ್ತದೆ, ಜಾಡಿ ಸಿಡಿಯಬಹುದು, ಬೆಂಕಿಯೂ ಹತ್ತಿರ ಇರಬಾರದು. ಸೋಸಿ ಬಳಿದರೆ ತೊಗಲು ಮೊದಲು ಬೂದು, ಕೆಲವೇ ನಿಮಿಷಗಳಲ್ಲಿ ಕಪ್ಪು. ಬಣ್ಣ ಸಪ್ಪೆ ಎನಿಸಿದರೆ ಗಟ್ಟಿ ಟೀ ಡಿಕಾಕ್ಷನ್ ಬಳಿದು, ಮೇಲೆ ಮತ್ತೊಮ್ಮೆ ಈ ನೀರು ಹಚ್ಚಿ, ಟೀಯಲ್ಲೂ ಒಗರಿದೆಯಲ್ಲ. ಉಳಿದ ಹುಳಿ ತೊಗಲನ್ನು ಕೆಡಿಸದಂತೆ ಚಿಟಿಕೆ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ. ಎಣ್ಣೆ ಸವರುವುದು ಕೊನೆಗೆ. ಮೊದಲೇ ಸವರಿದರೆ ಬಣ್ಣ ಇಳಿಯುವುದಿಲ್ಲ.

ತಪ್ಪು ಕಲ್ಪನೆ: ಅರಿಶಿನ, ಬೀಟ್‌ರೂಟ್‌ಗೆ ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ.

ಸತ್ಯ: ನಿಲ್ಲುವುದಿಲ್ಲ. ಎರಡೂ ಬಿಸಿಲಿಗೆ ಹಾರಿಹೋಗುತ್ತವೆ, ಉಪ್ಪು ಅದನ್ನು ತಡೆಯದು. ಮಳೆಗಾಲದಲ್ಲಿ ಕಾಲಿಗೂ ಸಾಕ್ಸಿಗೂ ಹತ್ತುವುದು ಬೇರೆ.

ತಪ್ಪು ಕಲ್ಪನೆ: ಬಟ್ಟೆಗೆ ಹಾಕುವ ಬಣ್ಣದ ಪುಡಿಯಲ್ಲಿ ಕುದಿಸಿದರಾಯಿತು.

ಸತ್ಯ: ಎಲ್ಲಕ್ಕಿಂತ ದುಬಾರಿ ತಪ್ಪು ಇದು. ತೊಗಟೆಯಲ್ಲಿ ಹದ ಮಾಡಿದ ಚರ್ಮ ನೆನೆದಿರುವಾಗ ಸುಮಾರು 70ರಿಂದ 85 ಡಿಗ್ರಿ ಸೆಲ್ಸಿಯಸ್‌ಗೇ ಮುದುಡಿ ಕಟ್ಟಿಗೆಯಾಗುತ್ತದೆ. ಮತ್ತೆ ಮೆತ್ತಗಾಗುವುದಿಲ್ಲ.

ತಪ್ಪು ಕಲ್ಪನೆ: ಪಾಲಿಶ್ ಹಚ್ಚಿದರೂ ಬಣ್ಣ ಹಾಕಿದಂತೆಯೇ.

ಸತ್ಯ: ಪಾಲಿಶ್ ಮುಖ್ಯವಾಗಿ ಮೇಣ. ಅದರ ಬಣ್ಣ ಹೆಚ್ಚಾಗಿ ಮೇಲೆಯೇ ಕೂತು ಉಜ್ಜಿದಾಗ ಬಿಡುತ್ತದೆ. ಲೇಪವಿರುವ ಚರ್ಮಕ್ಕೆ ಅದಕ್ಕಿಂತ ಅಕ್ರಿಲಿಕ್ ಬಣ್ಣ ಲೇಸು. ಗಾಳಿಯಾಡುವ ಕಡೆ ಕೂತು ಅಸಿಟೋನ್ ಹತ್ತಿಯಿಂದ ಲೇಪ ತೆಗೆದು, ತೆಳುವಾಗಿ ಎರಡು ಮೂರು ಸಲ ಹಚ್ಚಬೇಕು. ದಪ್ಪ ಬಳಿದರೆ ಮಡಿಚುವ ಜಾಗದಲ್ಲಿ ಬಿರುಕು ಗ್ಯಾರಂಟಿ. ರೆಕ್ಸಿನ್‌ಗೆ ಮಾತ್ರ ಅಸಿಟೋನ್ ಸೋಕಿಸಬೇಡಿ, ಅಂಟಂಟಾಗುತ್ತದೆ.

ಯಾವ ದಾರಿ ಹಿಡಿದರೂ ಮೊದಲು ಕಣ್ಣಿಗೆ ಬೀಳದ ಒಳಬದಿಯಲ್ಲಿ ಬೆರಳಗಲ ಹಚ್ಚಿ, ಒಂದು ದಿನ ಒಣಗಲು ಬಿಟ್ಟು ನೋಡಿ. ಕಬ್ಬಿಣದ ಕಪ್ಪು ಒಮ್ಮೆ ಕೂತ ಮೇಲೆ ಹಳೆಯ ತಿಳಿಬಣ್ಣ ಮನೆಯಲ್ಲಿ ಮರಳಿ ಬರುವುದಿಲ್ಲ.